ಹೆಸರು ಮೊದಲು, ಸ್ಕ್ಯಾನರ್ ಆಮೇಲೆ: ಮನೆಯ ಹಳೆಯ ಫೋಟೋಗಳನ್ನು ಡಿಜಿಟಲ್ ಮಾಡುವ ಸಮಗ್ರ ಮಾರ್ಗದರ್ಶಿ

ಟ್ರಂಕಿನಲ್ಲಿರುವ ಹಳೆಯ ಫೋಟೋ ಇನ್ನೊಂದು ಮಳೆಗಾಲವನ್ನು ಹೇಗೋ ತಡೆದುಕೊಳ್ಳುತ್ತದೆ. ಅದರಲ್ಲಿ ನಿಂತಿರುವವರು ಯಾರು ಯಾರೆಂದು ಹೇಳಬಲ್ಲ ಸೋದರತ್ತೆಗೆ ಆಗಲೇ ಎಂಬತ್ತೈದು ದಾಟಿರುತ್ತದೆ. ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಯಾವ ಸ್ಕ್ಯಾನರ್ ಕೊಳ್ಳಬೇಕು ಎಂಬ ಪ್ರಶ್ನೆಯಿಂದ ಶುರು ಮಾಡುತ್ತಾರೆ. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಮೊದಲ ಹೆಜ್ಜೆಗೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಮೊಬೈಲ್ ಮತ್ತು ಹಿರಿಯರೊಬ್ಬರ ಮಧ್ಯಾಹ್ನದ ಬಿಡುವು.

1. ಹೆಸರು ಬರೆದುಕೊಳ್ಳುವುದು

ಮದುವೆಯ ಗುಂಪು ಫೋಟೋದಿಂದ ಆರಂಭಿಸಿ. ಮನೆತನದ ಹೆಚ್ಚು ಮುಖಗಳು ಒಟ್ಟಿಗೆ ಸಿಗುವುದು ಅಲ್ಲೇ. ಮೊಬೈಲಿನಲ್ಲಿ ಅದರ ಒಂದು ಚಿತ್ರ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಮೂಲ ಫೋಟೋದಲ್ಲಿ ಕಡಲೆಕಾಳಿನಷ್ಟಿರುವ ಮುಖ ಹಿರಿಯರ ಕಣ್ಣಿಗೆ ಕಾಣುವುದು ಹೀಗೆ ಹಿಗ್ಗಿಸಿದಾಗಲೇ. ಆ ಪ್ರಿಂಟಿನಲ್ಲಿ ಪ್ರತಿ ಮುಖದ ಮೇಲೂ ಪೆನ್ನಿನಿಂದ ಒಂದು ಸಂಖ್ಯೆ ಹಾಕಿ: ನೆಲದ ಮೇಲೆ ಕುಳಿತ ಮಕ್ಕಳಿಂದ ಶುರು, ಆಮೇಲೆ ಕುರ್ಚಿಯ ಸಾಲು, ಆಮೇಲೆ ನಿಂತವರ ಸಾಲು, ಎಲ್ಲವೂ ಎಡದಿಂದ ಬಲಕ್ಕೆ. ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆಯ ಎದುರು ಹೆಸರು ತುಂಬುತ್ತಾ ಹೋಗಿ.

‘ಇವರು ಯಾರು?’ ಎಂದು ಒಂದೇ ಸಮನೆ ಕೇಳಿದರೆ ಹಿರಿಯರಿಗೆ ಪರೀಕ್ಷೆಗೆ ಕುಳಿತಂತಾಗಿ ಬಾಯಿ ಕಟ್ಟುತ್ತದೆ. ‘ಈ ಚಪ್ಪರ ಯಾರ ಮನೆಯ ಮುಂದೆ ಹಾಕಿದ್ದು?’, ‘ಆವತ್ತು ಅಡುಗೆಗೆ ಯಾರು ಬಂದಿದ್ದರು?’ ಎಂದು ಕೇಳಿ ನೋಡಿ. ಮಾತು ತಾನಾಗಿ ಮುಖಗಳ ಕಡೆಗೆ ಬರುತ್ತದೆ. ಮೊಬೈಲಿನ ಧ್ವನಿಮುದ್ರಣ ಚಾಲೂ ಇರಲಿ, ಇದೆಯೆಂದು ಅವರಿಗೆ ಮೊದಲೇ ಹೇಳಿರಿ. ಹೆಸರಿನ ಜತೆಗೆ ಯಾರ ಮಗಳು, ತವರು ಯಾವ ಊರು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನೂ ಬರೆದುಕೊಳ್ಳಿ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇತ್ತು. ತವರಿನ ಆಲ್ಬಮ್ಮಿನಲ್ಲಿ ಒಂದು ಹೆಸರಿನಿಂದ, ಗಂಡನ ಮನೆಯ ಆಲ್ಬಮ್ಮಿನಲ್ಲಿ ಇನ್ನೊಂದು ಹೆಸರಿನಿಂದ ಇರುವಾಕೆ ಒಬ್ಬಳೇ ಎಂಬುದು ಮುಂದಿನ ತಲೆಮಾರಿಗೆ ತಿಳಿಯಲು ಬೇರೆ ದಾರಿಯಿಲ್ಲ. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆಯಾಗಿ ಕೇಳಿ. ಅವರ ಮಾತು ಹೊಂದದಿದ್ದರೆ ಎರಡನ್ನೂ, ಯಾರು ಹೇಳಿದ್ದೆಂಬುದರ ಸಮೇತ, ಬರೆದಿಡಿ.

ಇಸವಿ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ಫೋಟೋದ ಬೆನ್ನು ನೋಡಬೇಕು. ಸ್ಟುಡಿಯೋದ ಮೊಹರಿನಲ್ಲಿ ‘ಬೆಂಗಳೂರು-4’ ಎಂಬಂಥ ಹಳೆಯ ವಿಳಾಸವಿದೆಯೋ, ಆರು ಅಂಕಿಯ ಪಿನ್ ಕೋಡ್ ಇದೆಯೋ ಗಮನಿಸಿ. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು, ಹಾಗಾಗಿ ಅದಿರುವ ಮೊಹರು ಅದಕ್ಕಿಂತ ಹಿಂದಿನದಾಗಿರಲಾರದು. ‘ಮೈಸೂರು ರಾಜ್ಯ’ ಎಂದಿದ್ದರೆ ಆ ಮೊಹರು ಮಾಡಿಸಿದ್ದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1ಕ್ಕೆ ಮುಂಚೆ. ಹಳೆಯ ಮೊಹರನ್ನೇ ಒಂದೆರಡು ವರ್ಷ ಒತ್ತಿರಲೂಬಹುದು, ಅಷ್ಟು ಸಡಿಲ ಬಿಡಿ. ಹಿನ್ನೆಲೆಯ ಕಾರಿನ ಸಂಖ್ಯೆ ‘ಕೆಎ’ ಎಂದು ಶುರುವಾಗಿದ್ದರೆ ಫೋಟೋ 1989ಕ್ಕಿಂತ ಹಳೆಯದಲ್ಲ. ಅಂಗೈಯೊಳಗೆ ಹಿಡಿಸುವ ಚೌಕಾಕಾರದ ಕಪ್ಪು-ಬಿಳುಪು ಪ್ರಿಂಟುಗಳು ಬಹುಪಾಲು ಆಗ್ಫಾ ಕ್ಲಿಕ್-3ರಂಥ, ಒಂದು ರೋಲಿಗೆ 12 ಚಿತ್ರ ತೆಗೆಯುವ ಕ್ಯಾಮೆರಾಗಳವು. ಅಂಥದೊಂದು ಫೋಟೋದ ಕಾಲ ತಿಳಿದರೆ ಅದೇ ರೋಲಿನ ಉಳಿದವುಗಳದೂ ತಿಳಿದಂತೆ.

ಎಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ಲಗ್ನಪತ್ರಿಕೆ. ಅದರಲ್ಲಿ ಇಸವಿ ಇಲ್ಲದಿದ್ದರೂ ಸಂವತ್ಸರ, ಮಾಸ, ತಿಥಿ ಇದ್ದೇ ಇರುತ್ತವೆ. ‘ಆನಂದ ಸಂವತ್ಸರದ ವೈಶಾಖ ಶುದ್ಧ’ ಎಂದಿದ್ದರೆ ಅದು 1974ರ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. ಸಂವತ್ಸರ ಮರಳುವುದು 60 ವರ್ಷಕ್ಕೊಮ್ಮೆ, ಆದ್ದರಿಂದ ಅದರ ಹಿಂದಿನ ಆನಂದ 1914ರದು. ಅಜ್ಜಿಯ ಮದುವೆಯೋ ಅಮ್ಮನ ಮದುವೆಯೋ ಎಂಬ ಗೊಂದಲ ಇಲ್ಲಿ ಉಳಿಯುವುದಿಲ್ಲ. ಪತ್ರಿಕೆ ಸಿಕ್ಕರೆ ಅದನ್ನೂ ಸ್ಕ್ಯಾನ್ ಮಾಡುವ ಸಾಲಿಗೆ ಸೇರಿಸಿ.

2. ಯಾವುದು ಮೊದಲು ಎಂದು ವಿಂಗಡಿಸುವುದು

ಅತಿ ಹಳೆಯದೇ ಅತಿ ತುರ್ತು ಎಂದು ತೋರುವುದು ಸಹಜ, ಆದರೆ ವಾಸ್ತವ ಬೇರೆ. ಮುತ್ತಜ್ಜನ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ರೂಪುಗೊಂಡಿರುವುದು ಜೆಲಟಿನ್ ಪದರದೊಳಗಿನ ಬೆಳ್ಳಿಯ ಕಣಗಳಿಂದ. ಸರಿಯಾಗಿ ತೊಳೆದು ಸಂಸ್ಕರಿಸಿದ್ದರೆ ಅದು ಶತಮಾನ ದಾಟಿ ಬಾಳುತ್ತದೆ. 1970 ಮತ್ತು 80ರ ದಶಕದ ಕಲರ್ ಪ್ರಿಂಟುಗಳಲ್ಲಿ ಇರುವುದು ಬಣ್ಣದ ರಾಸಾಯನಿಕ. ಕತ್ತಲೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರೂ ಅದರ ನೀಲಿ-ಹಸಿರು ಅಂಶ ಕರಗುತ್ತಾ ಹೋಗುತ್ತದೆ. ಆ ಕಾಲದ ನಾಮಕರಣ, ಗೃಹಪ್ರವೇಶಗಳ ಫೋಟೋಗಳೆಲ್ಲ ಕೆಂಪಡರಿರುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲ ಸರದಿ ಕಲರ್ ಪ್ರಿಂಟುಗಳದು.

ಅವುಗಳ ಜತೆಗೇ ಬರಬೇಕಾದದ್ದು ಅಂಟು ಹಾಳೆಯ ಆಲ್ಬಮ್, ಅಂದರೆ ಪ್ಲಾಸ್ಟಿಕ್ ಹೊದಿಕೆ ಎತ್ತಿ ಒಳಗೆ ಫೋಟೋ ಒತ್ತುವ ಬಗೆಯದು. ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೋವನ್ನು ಹಿಂದಿನಿಂದ ತಿನ್ನುತ್ತದೆ. ಕಪ್ಪು ಹಾಳೆ, ಮೂಲೆಗೆ ತ್ರಿಕೋನದ ಕಾಗದ, ನಡುನಡುವೆ ಬಟರ್ ಪೇಪರ್ ಇರುವ ಹಳೆಯ ಆಲ್ಬಮ್ ಇದಕ್ಕಿಂತ ಎಷ್ಟೋ ಸೌಮ್ಯವಾದದ್ದು.

ಆಲ್ಬಮ್ಮಿನಿಂದ ಯಾವ ಫೋಟೋವನ್ನೂ ಬಿಡಿಸುವ ಮೊದಲು ಪುಟ ಪುಟವನ್ನೂ ಇದ್ದಂತೆಯೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾವ ಫೋಟೋದ ಪಕ್ಕ ಯಾವುದಿತ್ತು ಎಂಬುದೂ ಒಂದು ಮಾಹಿತಿ. ಅಂಟಿ ಕುಳಿತ ಫೋಟೋವನ್ನು ಬಿಡಿಸಲೇಬೇಕಾದರೆ ಹಲ್ಲುಸಂದಿ ಶುಚಿ ಮಾಡುವ ಡೆಂಟಲ್ ಫ್ಲಾಸ್ ದಾರವನ್ನು ಅದರ ಅಡಿಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಹಿಂದೆ ಮುಂದೆ ಎಳೆಯಿರಿ. ಮೈದಾ ಅಂಟಿನಿಂದ ಅಂಟಿಸಿದ್ದರೆ ಬಿಡಿಸುವ ಆಸೆಯನ್ನೇ ಬಿಟ್ಟು ಹಾಳೆಯ ಸಮೇತ ಸ್ಕ್ಯಾನ್ ಮಾಡಿ.

ವಿಂಗಡಿಸಿದ ಪ್ರತಿ ಕಂತೆಗೂ ಒಂದು ಲಕೋಟೆ, ಲಕೋಟೆಗೊಂದು ಸಂಖ್ಯೆ ಇರಲಿ. ದೊಡ್ಡಪ್ಪನ ಮನೆಯಿಂದ ಎರವಲು ತಂದದ್ದಿದ್ದರೆ ಅದನ್ನೂ ಲಕೋಟೆಯ ಮೇಲೆ ಬರೆಯಿರಿ. ಹಿಂದಿರುಗಿಸುವಾಗ ಸ್ಕ್ಯಾನ್ ಪ್ರತಿಗಳನ್ನೂ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಮುಂದಿನ ಆಲ್ಬಮ್ ಕೇಳಲು ಬಾಯಿ ಬರುತ್ತದೆ.

3. ಒರೆಸುವುದು, ಕಟ್ಟು ಬಿಚ್ಚುವುದು

ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ, ಎಣ್ಣೆ ಅಥವಾ ಕ್ರೀಮ್ ಇರಬಾರದು. ಫೋಟೋವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಧೂಳಿಗೆ ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್ ಮತ್ತು ಮೃದುವಾದ ಬ್ರಷ್ ಸಾಕು. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ನೀರು, ಗಾಜು ಒರೆಸುವ ದ್ರಾವಣ, ಒದ್ದೆ ಬಟ್ಟೆ ಯಾವುದೂ ಕೂಡದು. ತೇವ ತಗುಲಿದರೆ ಜೆಲಟಿನ್ ಉಬ್ಬಿ ಅಂಟಾಗುತ್ತದೆ, ಒರೆಸಿದ ಬಟ್ಟೆಗೆ ಮುಖವೇ ಬರಬಹುದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಈ ಕೆಲಸವನ್ನು ಆಷಾಢ-ಶ್ರಾವಣಗಳಲ್ಲಿ ಮಾಡಲೇಬೇಡಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಶುರು ಮಾಡಿದರೆ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಬೂಷ್ಟು ಹಿಡಿದವನ್ನು ಬೇರೆಯಿಡಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ, ಒಣಗಿದ ಮೇಲೆ ಮಾತ್ರ ಬ್ರಷ್ ಆಡಿಸಿ.

ಕಟ್ಟು ಹಾಕಿಸಿದ ಫೋಟೋಗಳದು ಬೇರೆಯೇ ಅಧ್ಯಾಯ. ದೇವರ ಕೋಣೆಯ ಬಾಗಿಲ ಮೇಲೆ ತೂಗುವ ಅಜ್ಜನ ಫೋಟೋದ ಗಾಜಿನ ಮೇಲೆ ಗಂಧ, ಕುಂಕುಮ ಪದರ ಪದರವಾಗಿ ಕುಳಿತಿರುತ್ತವೆ. ಒರೆಸುವ ಮೊದಲು ಮನೆಯವರನ್ನು ಕೇಳಿ. ಒರೆಸುವಾಗ ದ್ರಾವಣವನ್ನು ಗಾಜಿನ ಮೇಲೆ ಸುರಿಯದೆ ಬಟ್ಟೆಗೆ ಹಚ್ಚಿಕೊಳ್ಳಿ, ಇಲ್ಲವಾದರೆ ಅದು ಚೌಕಟ್ಟಿನ ಸಂದಿಯಿಂದ ಒಳಗಿಳಿಯುತ್ತದೆ. ಆಮೇಲೆ ಕಟ್ಟನ್ನು ಬೋರಲು ಮಲಗಿಸಿ, ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆದು ರಟ್ಟನ್ನು ಎತ್ತಿ. ರಟ್ಟಿಗೂ ಫೋಟೋಗೂ ನಡುವೆ ಒತ್ತಿಗೆಂದು ಹಾಕಿದ ದಿನಪತ್ರಿಕೆ ಇರುವುದುಂಟು. ಅದರ ಮೇಲಿನ ತಾರೀಕು ಕಟ್ಟು ಹಾಕಿಸಿದ ಕಾಲವನ್ನು ಹೇಳುತ್ತದೆ, ಎಸೆಯದೆ ಆ ಭಾಗದ ಚಿತ್ರ ತೆಗೆದಿಡಿ. ಕೆಲವೊಮ್ಮೆ ಒಂದು ಫೋಟೋದ ಹಿಂದೆ ಇನ್ನೊಂದು ಹಳೆಯ ಫೋಟೋವೂ ಇರುತ್ತದೆ.

ಫೋಟೋ ಗಾಜಿಗೇ ಅಂಟಿದ್ದರೆ ಕೈ ನಿಲ್ಲಿಸಿ. ಉಗುರಿನಿಂದ ಒಂದು ಮೂಲೆ ಎತ್ತಲು ಹೋದರೂ ಚಿತ್ರದ ಪದರ ಗಾಜಿನ ಮೇಲೆ ಉಳಿದು ಬಿಳಿ ಕಾಗದ ಕೈಗೆ ಬರುತ್ತದೆ. ಅದನ್ನು ಗಾಜಿನ ಸಮೇತವೇ ಸ್ಕ್ಯಾನ್ ಮಾಡಬೇಕು.

4. ಸ್ಕ್ಯಾನ್

ಫೋಟೋವನ್ನು ಗಾಜಿನ ಮೇಲೆ ಬೋರಲು ಮಲಗಿಸುವ ಫ್ಲಾಟ್‌ಬೆಡ್ ಸ್ಕ್ಯಾನರುಗಳಲ್ಲಿ ಎರಡು ಜಾತಿ. ಕ್ಯಾನನ್ ಲೈಡ್ ಸರಣಿಯಂಥ ತೆಳ್ಳಗಿನವು ಸಿಐಎಸ್ ಬಗೆಯವು. ಗಾಜಿಗೆ ತಾಗಿ ಕುಳಿತದ್ದನ್ನಷ್ಟೇ ಇವು ಚೂಪಾಗಿ ನೋಡುತ್ತವೆ, ಸುರುಳಿ ಸುತ್ತಿದ ಫೋಟೋ ಇಟ್ಟರೆ ಎದ್ದ ಭಾಗ ಮಸುಕು. ಎಪ್ಸನ್ ವಿ600ನಂಥ ದಪ್ಪನೆಯವು ಸಿಸಿಡಿ ಬಗೆಯವು. ಇವುಗಳ ನೋಟಕ್ಕೆ ಒಂದಷ್ಟು ಆಳವಿದೆ, ಮುಚ್ಚಳದಲ್ಲಿ ನೆಗೆಟಿವ್‌ಗಾಗಿ ದೀಪವೂ ಇದೆ. ಸಪಾಟಾದ ಪ್ರಿಂಟುಗಳಷ್ಟೇ ಇದ್ದರೆ ಮೊದಲನೆಯದು ಧಾರಾಳವಾಗಿ ಸಾಕು. ಗಾಜಿಗಂಟಿದ ಫೋಟೋ, ನೆಗೆಟಿವ್ ಇದ್ದರೆ ಎರಡನೆಯದು ಬೇಕು. ನೆಂಟರಿಷ್ಟರೆಲ್ಲ ಸೇರಿ ಒಂದನ್ನು ಕೊಂಡು ಮನೆಯಿಂದ ಮನೆಗೆ ಸಾಗಿಸುವುದು ನನಗೆ ಕಂಡಂತೆ ಅತ್ಯುತ್ತಮ ಏರ್ಪಾಡು.

ಇನ್ನು ಅಂಕಿಗಳು. ಸಾಮಾನ್ಯ ಪ್ರಿಂಟುಗಳನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿ. 4×6 ಇಂಚಿನ ಫೋಟೋ ಆಗ 2400×3600 ಪಿಕ್ಸೆಲ್ ಆಗುತ್ತದೆ, ಎರಡು ಪಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದರೂ ಮುಖ ಒಡೆಯುವುದಿಲ್ಲ. ಪಾಸ್‌ಪೋರ್ಟ್ ಅಳತೆಯವಕ್ಕೆ 1200 ಇರಲಿ. ಅಜ್ಜಿಯ ಏಕೈಕ ಚಿತ್ರ ಒಂದು ಗುರುತಿನ ಚೀಟಿಯ ಮೇಲಿನದಾಗಿದ್ದರೆ ಈ ಹೆಚ್ಚುವರಿ ಸೂಕ್ಷ್ಮತೆ ತುಂಬ ಉಪಕಾರಿ. ಗೋಡೆಗೆ ತೂಗುಹಾಕುವ ದೊಡ್ಡ ಫೋಟೋಗಳಿಗೆ 300 ಸಾಕು.

ಕಪ್ಪು-ಬಿಳುಪಿನವನ್ನೂ 24 ಬಿಟ್ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಕಂದು ಛಾಯೆ, ಮೊಹರಿನ ನೇರಳೆ ಶಾಯಿ, ಸ್ಟುಡಿಯೋದವರು ಕೈಯಿಂದ ತುಂಬಿದ ಸೀರೆಯ ಅಂಚಿನ ಬಣ್ಣ ಎಲ್ಲವೂ ಮೂಲದ ಭಾಗವೇ. ಸಾಫ್ಟ್‌ವೇರಿನಲ್ಲಿ ತಾನಾಗಿ ಬಣ್ಣ ತಿದ್ದುವ, ಧೂಳು ತೆಗೆಯುವ, ಚೂಪು ಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಸ್ಕ್ಯಾನ್ ಮಾಡುವ ಭಾಗವನ್ನು ಕಂಪ್ಯೂಟರಿನ ತೆರೆಯ ಮೇಲೆ ಗುರುತಿಸುವಾಗ ಚಿತ್ರದ ಸುತ್ತ ಸ್ವಲ್ಪ ಅಂಚು ಬಿಡಿ, ಫೋಟೋ ಎಲ್ಲಿಗೆ ಮುಗಿಯುತ್ತದೆ ಎಂಬುದು ಕಾಣಬೇಕು. ಬೆನ್ನಿನ ಮೇಲೆ ಬರಹ ಅಥವಾ ಮೊಹರು ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ.

ಮೂಲ ಪ್ರತಿ ಟಿಫ್ (TIFF) ಎಂಬ ಕಡತ ರೂಪದಲ್ಲಿರಲಿ. ಸಾಮಾನ್ಯವಾಗಿ ಬಳಸುವ ಜೆಪೆಗ್ (JPEG) ಕಡತವನ್ನು ತಿದ್ದಿ ಉಳಿಸಿದಾಗಲೆಲ್ಲ ಒಂದಿಷ್ಟು ವಿವರ ನಷ್ಟವಾಗುತ್ತದೆ. ಟಿಫ್‌ನಲ್ಲಿ ಹಾಗಾಗುವುದಿಲ್ಲ, ಆದರೆ 600 ಡಿಪಿಐನ ಒಂದು 4×6 ಫೋಟೋ ಸುಮಾರು 26 ಎಂಬಿ ಜಾಗ ತಿನ್ನುತ್ತದೆ. ಹಂಚಲು ಅದರಿಂದಲೇ ಜೆಪೆಗ್ ಮಾಡಿಕೊಳ್ಳಿ.

ಒಂದು ವಿಶೇಷ ತೊಡಕು: 70-80ರ ದಶಕದ ಎಷ್ಟೋ ಪ್ರಿಂಟುಗಳ ಮೈ ರೇಷ್ಮೆ ಬಟ್ಟೆಯಂತೆ ತರಿತರಿ. ಸ್ಕ್ಯಾನರಿನ ಬೆಳಕು ಒಂದೇ ಪಕ್ಕದಿಂದ ಬೀಳುವುದರಿಂದ ಆ ತರಿಗಳೆಲ್ಲ ಬಿಳಿ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಫೋಟೋವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ಉಚಿತವಾಗಿ ಸಿಗುವ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಎರಡನೆಯದನ್ನು ತಿರುಗಿಸಿ ಮೊದಲನೆಯದರ ಮೇಲೆ ಕೂರಿಸಿ ಅರ್ಧ ಪಾರದರ್ಶಕ ಮಾಡಿದರೆ ಚುಕ್ಕೆಗಳು ಬಹಳಷ್ಟು ತಗ್ಗುತ್ತವೆ.

5. ನೆಗೆಟಿವ್ ಸಿಕ್ಕರೆ

ಸ್ಟುಡಿಯೋದ ಲಕೋಟೆಯೊಳಗೆ ಪ್ರಿಂಟಿನ ಹಿಂದೆ ನೆಗೆಟಿವ್ ಪಟ್ಟಿಗಳಿದ್ದರೆ ಅವೇ ನಿಜವಾದ ಮೂಲ. ಪ್ರಿಂಟಿನಲ್ಲಿ ಕತ್ತರಿಸಿ ಹೋದ ಅಂಚು, ಬಿಳಿಯಾಗಿ ಮುಳುಗಿದ ಪಂಚೆಯ ಮಡಿಕೆ ಅಲ್ಲಿ ಉಳಿದಿರುತ್ತವೆ. ಅಂಚಿನಲ್ಲಿ ಫಿಲ್ಮಿನ ಹೆಸರೂ ಇರುತ್ತದೆ. ‘ಇಂದು’ ಎಂದಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. 35 ಮಿಲಿಮೀಟರ್ ನೆಗೆಟಿವ್‌ಗೆ 2400ರಿಂದ 3200 ಡಿಪಿಐ ಇಡಿ. ಸ್ಕ್ಯಾನರಿನಲ್ಲಿ ಅತಿಗೆಂಪು ಕಿರಣದಿಂದ ಧೂಳು ತೆಗೆಯುವ ಸೌಲಭ್ಯವಿದ್ದರೆ ಕಲರ್ ನೆಗೆಟಿವ್‌ಗೆ ಬಳಸಿ. ಕಪ್ಪು-ಬಿಳುಪಿನಲ್ಲಿ ಬೆಳ್ಳಿಯ ಕಣಗಳನ್ನೇ ಅದು ಧೂಳೆಂದು ತಿಳಿದು ಚಿತ್ರ ಕೆಡಿಸುತ್ತದೆ. ಲಕೋಟೆ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಒಳಗಿನಿಂದ ಕೊಳೆಯುತ್ತಿದೆ ಎಂದರ್ಥ. ಅವನ್ನು ಉಳಿದವುಗಳಿಂದ ದೂರವಿಟ್ಟು ಮೊದಲು ಅವನ್ನೇ ಸ್ಕ್ಯಾನ್ ಮಾಡಿ ಮುಗಿಸಿ.

6. ಮೊಬೈಲ್ ಒಂದೇ ಇದ್ದರೆ

ಆಗಲೂ ಮಾಡಿ, ಕಾಯಬೇಡಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಫೋಟೋವನ್ನು ಮೇಜಿನ ಮೇಲಿಟ್ಟು, ಫ್ಲ್ಯಾಷ್ ಆಫ್ ಮಾಡಿ, ಮೊಬೈಲನ್ನು ಫೋಟೋಗೆ ಸಮಾನಾಂತರವಾಗಿ ಹಿಡಿಯಿರಿ. ಡಬ್ಬಿಗಳೆರಡರ ನಡುವೆ ಮೊಬೈಲನ್ನು ಆನಿಸಿ, ಮೂರು ಸೆಕೆಂಡಿನ ಟೈಮರ್ ಇಟ್ಟರೆ ಕೈ ಅಲುಗುವುದಿಲ್ಲ. ಹೊಳಪಿನ ಫೋಟೋ, ಗಾಜಿನ ಕಟ್ಟು ಇದ್ದರೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಕೆಲಸಕ್ಕೆ ಬರುತ್ತದೆ, ಹಲವು ಕೋನದಿಂದ ತೆಗೆದು ಪ್ರತಿಫಲನವನ್ನು ಕಳೆಯುತ್ತದೆ. ಗಾಜಿನಲ್ಲಿ ನಿಮ್ಮ ನೆರಳೇ ಕಾಣುತ್ತಿದ್ದರೆ ಕಪ್ಪು ಬಟ್ಟೆಯೊಂದಕ್ಕೆ ಲೆನ್ಸಿನಷ್ಟು ತೂತು ಮಾಡಿ, ಅದರ ಹಿಂದಿನಿಂದ ತೆಗೆಯಿರಿ.

ಸ್ಟುಡಿಯೋಗೆ ಕೊಟ್ಟು ಮಾಡಿಸುವುದಾದರೆ ಡಿಪಿಐ ಎಷ್ಟು, ಟಿಫ್ ಕೊಡುವಿರಾ ಎಂದು ಮೊದಲೇ ಕೇಳಿ. ಕೊಡುವ ಫೋಟೋಗಳನ್ನು ಎಣಿಸಿ ಪಟ್ಟಿ ಮಾಡಿ, ಮೊಬೈಲಿನಲ್ಲಿ ಒಂದೊಂದು ಚಿತ್ರ ತೆಗೆದುಕೊಂಡೇ ಕೊಡಿ.

7. ಕಡತದೊಳಗೆ ಹೆಸರು ಸೇರಿಸುವುದು

ಮೊದಲ ಹೆಜ್ಜೆಯಲ್ಲಿ ಬರೆದ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಡತದ ಹೆಸರು ಇಸವಿಯಿಂದ ಶುರುವಾಗಲಿ: ‘1974-05_ಮದುವೆ_ಸಾಗರ_012’. ಬೆನ್ನಿನ ಸ್ಕ್ಯಾನ್ ‘012-ಹಿಂದೆ’ ಎಂದಿರಲಿ. ಕೊನೆಯ ಸಂಖ್ಯೆಯನ್ನೇ ಮೂಲ ಫೋಟೋದ ಹೊದಿಕೆಯ ಮೇಲೂ ಬರೆಯಿರಿ. ಇಸವಿ ಖಚಿತವಿಲ್ಲದಿದ್ದರೆ ‘1970ರ ದಶಕ’ ಎಂದೇ ಬರೆಯುವುದು ಪ್ರಾಮಾಣಿಕ.

ಫೋಲ್ಡರಿನಲ್ಲಿ ಬೇರೆ ವರ್ಡ್ ಕಡತ ಮಾಡಿ ಹೆಸರುಗಳನ್ನು ಬರೆದಿಟ್ಟರೆ ಸಾಲದು. ಫೋಟೋ ಒಂದು ಕಡೆ ಹೋಗುತ್ತದೆ, ಪಟ್ಟಿ ಇನ್ನೊಂದು ಕಡೆ ಉಳಿಯುತ್ತದೆ. ಪ್ರತಿ ಚಿತ್ರದ ಕಡತದೊಳಗೇ ವಿವರ ಬರೆಯಲು ಮೆಟಾಡೇಟಾ ಎಂಬ ಜಾಗವಿದೆ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಶೀರ್ಷಿಕೆಯ ಖಾನೆಗೆ ಕನ್ನಡದಲ್ಲೇ ಟೈಪ್ ಮಾಡಬಹುದು, ಮುಖಗಳಿಗೆ ಚೌಕ ಹಾಕಿ ಹೆಸರನ್ನೂ ಅಂಟಿಸಬಹುದು. ವಿವರವನ್ನು ಕಡತದೊಳಗೆ ಬರೆಯುವ ಆಯ್ಕೆ ಅದರ ಸೆಟ್ಟಿಂಗ್‌ನಲ್ಲಿ ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ‘ಕುರ್ಚಿಯ ಸಾಲು, ಎಡದಿಂದ: ದೊಡ್ಡಜ್ಜಿ, ತವರು ತೀರ್ಥಹಳ್ಳಿ, ಆಕೆಯ ಭಾವ, ಮದುಮಗಳ ಸೋದರಮಾವ’ ಎಂಬ ಬಗೆಯಲ್ಲಿ, ಹೆಸರುಗಳ ಸಮೇತ, ತುಂಬಿ ಬರೆಯಿರಿ. ಬರೀ ‘ಅಜ್ಜಿ’ ಎಂದರೆ ನಿಮ್ಮ ಮಗನಿಗೆ ಅದು ನಿಮ್ಮ ಅಮ್ಮನಾಗುತ್ತಾಳೆ.

8. ಮೂರು ಕಡೆ ಇಡುವುದು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು, ಕ್ಲೌಡ್‌ನಲ್ಲೊಂದು ಎಂದಾದರೆ ಈ ನಿಯಮ ಪಾಲಿಸಿದಂತೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ, ಜಿಮೇಲ್ ಮತ್ತು ಡ್ರೈವ್ ಎಲ್ಲಕ್ಕೂ ಸೇರಿ. ಸಾವಿರ ಟಿಫ್ ಕಡತಗಳಿಗೆ 26 ಜಿಬಿ ಬೇಕು, ಹಾಗಾಗಿ ಹಣ ಕೊಟ್ಟು ಜಾಗ ಪಡೆಯಬೇಕು ಅಥವಾ ಎರಡನೇ ಹಾರ್ಡ್ ಡಿಸ್ಕನ್ನು ತಂಗಿಯ ಮನೆಯಲ್ಲಿಡಬೇಕು. ಗೂಗಲ್ ಫೋಟೋಸ್‌ಗೆ ಏರಿಸುವಾಗ ಮೂಲ ಗುಣಮಟ್ಟದ ಆಯ್ಕೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಹಾರ್ಡ್ ಡಿಸ್ಕನ್ನು ವರ್ಷಕ್ಕೊಮ್ಮೆ ತೆರೆದು ಕಡತಗಳು ಸರಿಯಿವೆಯೇ ನೋಡಲು ಪಿತೃಪಕ್ಷಕ್ಕಿಂತ ಒಳ್ಳೆಯ ನೆಪ ನನಗೆ ಹೊಳೆಯುವುದಿಲ್ಲ. ಹಿರಿಯರ ಹೆಸರುಗಳು ಹೇಗೂ ಆಗ ಮನೆಯಲ್ಲಿ ಕೇಳಿಬರುತ್ತವೆ.

9. ತಿದ್ದುವುದು

ಟಿಫ್ ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ತಿದ್ದಿ. ಕೆಂಪಡರಿದ ಫೋಟೋಗೆ ಗಿಂಪ್‌ನ ಲೆವೆಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿ ವಾಹಿನಿಗಳನ್ನು ಒಂದೊಂದಾಗಿ ಸರಿಪಡಿಸಿದರೆ ಮಾಸಿದ ಸೀರೆಗೆ ಬಹುಪಾಲು ಬಣ್ಣ ಮರಳುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮಸುಕು ಮುಖವನ್ನು ಸ್ಪಷ್ಟಗೊಳಿಸುವ ಆ್ಯಪ್‌ಗಳ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಅವು ಇಲ್ಲದ ಕಣ್ಣು, ಇಲ್ಲದ ಹಲ್ಲು ಬರೆಯುತ್ತವೆ. ಅಲ್ಲಿ ಹೊಳೆಯುವ ಮುಖ ನಿಮ್ಮ ಮುತ್ತಜ್ಜಿಯದಲ್ಲ. ಮಾಡಿಸಿಯೇ ತೀರುವುದಾದರೆ ಕಡತದ ಹೆಸರಿನಲ್ಲಿ ‘ಎಐ ತಿದ್ದಿದ್ದು’ ಎಂದು ಸೇರಿಸಿ, ಮೂಲದೊಂದಿಗೆ ಬೆರೆಸಬೇಡಿ.

10. ಮೂಲ ಫೋಟೋಗಳ ಜೋಪಾನ

ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯುವ ಮಾತೇ ಇಲ್ಲ. ಪಿವಿಸಿ ಪ್ಲಾಸ್ಟಿಕ್ ಬಿಟ್ಟು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹೊದಿಕೆಯಲ್ಲಿ, ಇಲ್ಲವೇ ಆಮ್ಲರಹಿತ ಕಾಗದದಲ್ಲಿ ಇಡಿ. ನ್ಯಾಫ್ತಲೀನ್ ಗುಳಿಗೆ ಹಾಕಬೇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೆಂಚಿನ ಕೆಳಗಿನ ಅಟ್ಟದಲ್ಲಿ ಬೇಸಿಗೆಯ ಧಗೆ, ಬಚ್ಚಲ ಗೋಡೆಗೆ ಒರಗಿದ ಬೀರುವಿನಲ್ಲಿ ತೇವ. ಮನೆಯ ಒಳಗೋಡೆಯ ಪಕ್ಕದ ಸ್ಟೀಲ್ ಬೀರು, ಅದರ ನಡುವಿನ ತಟ್ಟೆ ಒಳ್ಳೆಯ ಜಾಗ.

2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ ತೀರ ನೆರೆ ಕಂಡ ಮೇಲೆ ಇದನ್ನೂ ತಿಳಿದಿರುವುದು ಅಗತ್ಯ. ನೆನೆದ ಫೋಟೋಗಳು ಒಂದಕ್ಕೊಂದು ಅಂಟಿಕೊಂಡು ಒಣಗಲು ಬಿಡಬಾರದು. ಶುದ್ಧ ತಣ್ಣೀರಿನ ತಟ್ಟೆಯಲ್ಲಿಟ್ಟು ತಾವಾಗಿ ಬಿಡುವಂತೆ ಮೆಲ್ಲಗೆ ಬೇರ್ಪಡಿಸಿ, ಚಿತ್ರ ಮೇಲಾಗಿ ನೆರಳಿನಲ್ಲಿ ಹರಡಿ. ಬಿಸಿಲು, ಹೇರ್ ಡ್ರೈಯರ್ ಬೇಡ. ಎರಡು ದಿನದೊಳಗೆ ಕೈಹಚ್ಚಲು ಆಗದಿದ್ದರೆ ನಡುನಡುವೆ ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಬಿಡುವಾದಾಗ ಒಂದೊಂದಾಗಿ ತೆಗೆದು ಒಣಗಿಸಬಹುದು. ಗಾಜಿನ ನೆಗೆಟಿವ್‌ಗಳನ್ನು ಮಾತ್ರ ಫ್ರೀಜರಿಗೆ ಹಾಕಬಾರದು. ಗಾಜಿಗೆ ಅಂಟಿದವು, ಪದರ ಏಳುತ್ತಿರುವವು, ಒಂದೇ ಪ್ರತಿ ಇರುವವು ತಜ್ಞರ ಕೈಗೇ ಹೋಗಬೇಕು. ಪರಂಪರೆಯ ಸಂರಕ್ಷಣೆಗಾಗಿ ಇರುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಅಂಥ ಕಡೆಗೆ ಮೊದಲು ಮೊಬೈಲ್ ಚಿತ್ರ ಕಳಿಸಿ ವಿಚಾರಿಸಿ, ಅವರು ಹೇಳುವವರೆಗೆ ಕಟ್ಟನ್ನು ಬಿಚ್ಚದೆ, ಮಲಗಿಸಿದಂತೆಯೇ ಇಟ್ಟಿರಿ.